ಒಂದು ದಿನ ಹಿಂದಕ್ಕೆ ಬಿದ್ದ ತಾರೀಖು

ಸಾಗರದ ಪೇಟೆಯಲ್ಲಿ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಕುಳಿತು ವಿನಯಾ ಮೊಬೈಲ್ ಆ್ಯಪ್‌ಗಳನ್ನು ಬರೆಯುತ್ತಾಳೆ. ಮೆತ್ತನೆಯ ಮಾತಿನ ಹುಡುಗಿ. ಆದರೆ ಹೊಲಸು ಕೆಲಸ ಕಂಡರೆ ಮಾತ್ರ ಅನ್ನದಲ್ಲಿ ಕೂದಲು ಸಿಕ್ಕವಳ ಹಾಗೆ ಮುಖ ಹಿಂಡುತ್ತಾಳೆ.

ಅವಳ ಕಚೇರಿಯ ಯಜಮಾನ ನಿರಂಜನ, ಊರಿನ ಕಣ್ಣಿನ ಕ್ಲಿನಿಕ್ಕಿಗೆ ಸರದಿ ಗೊತ್ತುಮಾಡುವ ಆ್ಯಪನ್ನು ತಾನೇ ಬರೆದುಕೊಟ್ಟಿದ್ದ. ಅಲ್ಲಿ ಇಂಜೆಕ್ಷನ್ ಕೊಡುವ ಡಾಕ್ಟರು ಶಿವಮೊಗ್ಗದಿಂದ ತಿಂಗಳಿಗೊಂದು ಬುಧವಾರ ಬರುತ್ತಾರೆ. ಆ್ಯಪು ಎಲ್ಲರಿಗೂ ಮಂಗಳವಾರದ ತಾರೀಖು ತೋರಿಸಿತು. ತುಮರಿ ಹಳ್ಳಿಯ ಗುತ್ಯಪ್ಪ, ಕಣ್ಣು ಮಸುಕಾಗುತ್ತಿದ್ದ ಹೆಂಡತಿ ರಂಗಮ್ಮನ ಕೈಹಿಡಿದು ಹಿನ್ನೀರು ದಾಟಿ ಬಂದು, ಬೀಗ ನೋಡಿ ಹಿಂದಿರುಗಿದ. ಮರುದಿನ ಮತ್ತೆ ಬರಬೇಕಾಯಿತು.

ನಿರಂಜನ ಕೋಡ್ ಮುಟ್ಟಲಿಲ್ಲ. "ಮೊಬೈಲಲ್ಲಿ ಕಾಣೋ ತಾರೀಖಿಗೆ ಒಂದು ದಿನ ಸೇರಿಸಿಕೊಳ್ಳಿ" ಎಂದು ಎಲ್ಲ ರೋಗಿಗಳಿಗೂ ಹೇಳಿಸಿದ.

ವಿನಯಾ ಕೋಡ್ ತೆರೆದು ನೋಡಿದಳು. ಪ್ರತಿ ತಾರೀಖಿಗೂ ನಡುರಾತ್ರಿಯ ಗಂಟೆಯನ್ನು ಅಂಟಿಸಿ ಮಾಹಿತಿ ಕೂಡಿಡುವ ಸರ್ವರ್ ಕಂಪ್ಯೂಟರಿಗೆ ಕಳಿಸಲಾಗಿತ್ತು. ಆ ಕಂಪ್ಯೂಟರಿನ ಗಡಿಯಾರವೋ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಇಲ್ಲಿ ಬುಧವಾರ ಹುಟ್ಟುವಾಗ ಅಲ್ಲಿನ್ನೂ ಮಂಗಳವಾರದ ಸಂಜೆ. ಅವಳಿಗೆ ಹೇಸಿಗೆಯಾಯಿತು. ಗಂಟೆಯನ್ನು ಕಿತ್ತುಹಾಕಿ, ತಾರೀಖನ್ನು ಬರಿಯ ತಾರೀಖಾಗಿಯೇ ಇಟ್ಟಳು. ಆ್ಯಪು ಮುಂದಿನ ಸರದಿಗೆ ಸರಿಯಾಗಿ ಬುಧವಾರವನ್ನೇ ತೋರಿಸಿತು.

"ಸರ್, ಈಗ ಒಂದು ದಿನ ಸೇರಿಸಿದ್ರೆ ಗುರುವಾರ ಬರ್ತಾರೆ. ಡಾಕ್ಟರು ಇರಲ್ಲ. ಸೇರಿಸ್ಬೇಡಿ ಅಂತ ಹೇಳ್ಬೇಕು."

"ಹೇಳಿದ್ರೆ ತಪ್ಪು ನಮ್ಮದು ಅಂತ ಒಪ್ಕೊಂಡಂಗಾಗ್ತದೆ. ಸುಮ್ನಿರಿ."

"ಒಂದು ತಿಂಗಳು ಇಂಜೆಕ್ಷನ್ ತಪ್ಪಿದ್ರೆ ಆ ರಂಗಮ್ಮನ ಕಣ್ಣೇ ಹೋಗ್ತದಂತೆ!"

"ಕಣ್ಣು ನೋಡೋದು ಡಾಕ್ಟ್ರ ಕೆಲಸ, ನಮ್ದಲ್ಲ" ಎಂದು ನಿರಂಜನ ನಕ್ಕ.

ವಿನಯಾ ಎದ್ದು ನಡೆದಳು. ಹೊರಗೆ ಮೆಟ್ಟಿಲ ಮೇಲೆ ಕುಳಿತು ರೋಗಿಗಳಿಗೆಲ್ಲ ತಾನೇ ಫೋನ್ ಮಾಡತೊಡಗಿದಳು.

"ಬುಧವಾರವೇ ಬನ್ನಿ ಗುತ್ಯಪ್ಪನವ್ರೇ, ಒಂದು ದಿನ ಸೇರಿಸ್ಬೇಡಿ."

"ಸೇರ್ಸಿ ಅಂದೋರೂ ನೀವೇ ಅಲ್ದಾ? ನಿಮ್ ಮೊಬೈಲು ಕುಡಿದು ಕುಂತದೇನ್ರೀ?"

"ತಪ್ಪು ನಮ್ಮದೇ. ಬೈಯಿರಿ, ಆದ್ರೆ ಬುಧವಾರ ಬನ್ನಿ."

"ಬೈಯೋದು ಬಂದ್ಮೇಲೆ ಬೈತೀನಿ, ಫೋನ್ ಇಡಿ."

ಬುಧವಾರ ರಂಗಮ್ಮನಿಗೆ ಇಂಜೆಕ್ಷನ್ ಆಯಿತು. ಸಂಜೆ ನಿರಂಜನ ಕಚೇರಿಗೆಲ್ಲ ಕಾಫಿ ತರಿಸಿದ. "ನೋಡಿದ್ರಾ ವಿನಯಾ? ಒಂದೂ ದೂರು ಬರ್ಲಿಲ್ಲ. ಸುಮ್ನಿದ್ದಿದ್ದೇ ಒಳ್ಳೇದಾಯ್ತು."

ವಿನಯಾ ತುಟಿಯವರೆಗೆ ಒಯ್ದಿದ್ದ ಲೋಟವನ್ನು ಹಾಗೆಯೇ ಅವನ ಮೇಜಿನ ಮೇಲಿಟ್ಟು, ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದಳು.