ಡೇರಿಗೆ ಹಾಕದ ಹಾಲು

ಜಮಖಂಡಿಯ ಒಂದು ಸಣ್ಣ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಮುಧೋಳ, ಬೀಳಗಿ ಕಡೆಯ ಕೊಟ್ಟಿಗೆಗಳಿಂದ ಹಾಲು, ಸಗಣಿ ತಂದು, ಅದರೊಳಗಿನ ಸೂಕ್ಷ್ಮಾಣುಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಮೇಲೆ ಔಷಧಿಯ ಸಣ್ಣ ಬಿಲ್ಲೆಗಳನ್ನಿಡುತ್ತೇನೆ. ಔಷಧಿ ನಾಟಿದರೆ ಬಿಲ್ಲೆಯ ಸುತ್ತ ಬಯಲು ಬೀಳುತ್ತದೆ. ನಾಟದಿದ್ದರೆ ಅವು ಬಿಲ್ಲೆಯ ಅಂಚಿನವರೆಗೂ ಬೆಳೆದು ಕೂತಿರುತ್ತವೆ. ವರ್ಷದಿಂದ ವರ್ಷಕ್ಕೆ ಬಯಲು ಕಿರಿದಾಗುವುದನ್ನು ಸ್ಕೇಲಿನಲ್ಲಿ ಅಳೆದು ಬರೆದಿಡುತ್ತ ಬಂದಿದ್ದೇನೆ.

ಹೋದ ಮಳೆಗಾಲದಲ್ಲಿ ಬನಹಟ್ಟಿಯ ಮನೆಯಲ್ಲಿ ಅವ್ವನ ಕಾಲಿಗೆ ಗಾಯವಾಯಿತು. ಮೊದಲೇ ಸಕ್ಕರೆ ಕಾಯಿಲೆ. ಎರಡು ಸಲ ಔಷಧಿ ಬದಲಿಸಿದರೂ ಕೀವು ನಿಲ್ಲಲಿಲ್ಲ. ಕೀವಿನ ಪರೀಕ್ಷೆಯ ವರದಿಯನ್ನು ನನಗೆ ಯಾರೂ ಓದಿ ಹೇಳಬೇಕಾಗಿರಲಿಲ್ಲ. ಮುಕ್ಕಾಲು ಪಾಲು ಔಷಧಿಗಳ ಮುಂದೆ ನಾನು ದಿನಾ ಬರೆಯುವ ಷರಾವೇ ಇತ್ತು: ನಾಟುವುದಿಲ್ಲ. ಈ ಹಾಳು ವಿದ್ಯೆ ಕಲಿಯದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಆ ಸಂಜೆ ಪಕ್ಕದ ಮನೆಯ ಕಾಕು ಅವ್ವನನ್ನು ನೋಡಲು ಬಂದಳು. ಅವಳಿಗೊಂದು ಎಮ್ಮೆಯಿದೆ, ಅದಕ್ಕೆ ಪದೇ ಪದೇ ಕೆಚ್ಚಲು ಬಾವು. ಸೂಜಿ ಮಾಡಿಸಿದಾಗ ಐದು ದಿನ ಹಾಲನ್ನು ಡೇರಿಗೆ ಹಾಕಬೇಡಿ ಎಂದು ಅವಳಿಗೆ ಹೇಳಿದವನು ನಾನೇ. ಆ ಹಾಲನ್ನು ಏನು ಮಾಡುತ್ತೀರಿ ಎಂದು ಅವತ್ತು ಮೊದಲ ಸಲ ಕೇಳಿದೆ.

“ನೀ ಹೇಳಿದ್ದ ಮೀರಿಲ್ಲಪಾ. ಒಂದ್ ಹನಿ ಡೇರಿಗಿ ಹಾಕಿಲ್ಲ. ಚೆಲ್ಲಾಕ ಮನಸ್ಸಾಗೂದಿಲ್ಲ, ನಿಮ್ಮವ್ವಗ ಕೊಡತೇನಿ.”

ಡೇರಿಯವರು ಹಾಲು ವಾಪಸ್ ಕಳಿಸುತ್ತಾರೆ ಅಂದರೆ ಜನ ಬೇಗ ಕೇಳುತ್ತಾರೆಂದು ಅಷ್ಟೇ ಹೇಳಿ ಕೈತೊಳೆದುಕೊಂಡಿದ್ದೆ. ಕುದಿಸಿದರೂ ಔಷಧಿಯ ಅಂಶ ಪೂರ್ತಿ ಹೋಗುವುದಿಲ್ಲ, ಅದು ಸ್ವಲ್ಪ ಸ್ವಲ್ಪವೇ ಹೊಟ್ಟೆಗೆ ಹೋದರೆ ಮೈಯೊಳಗಿನ ಸೂಕ್ಷ್ಮಾಣುಗಳು ಔಷಧಿಗೆ ಒಗ್ಗಿಬಿಡುತ್ತವೆ, ಕುಡಿಯಬೇಡಿ ಎಂದು ಹೇಳಲೇ ಇಲ್ಲ. ಭಾನುವಾರ ಊರಿಗೆ ಬಂದಾಗ ಅದೇ ಗಟ್ಟಿ ಹಾಲಿನ ಚಹಾ ಕುಡಿದು ಹೊಗಳಿದವನೂ ನಾನೇ. ಅದರಿಂದಲೇ ಹೀಗಾಯಿತೆಂದು ಯಾವ ಪರೀಕ್ಷೆಯೂ ಹೇಳಲಾರದು. ಅಲ್ಲವೆಂದೂ ಹೇಳಲಾರದು.

ಎರಡು ವಾರದ ನಂತರ ಅವ್ವನ ಪಾದ ತೆಗೆದರು. ಮನೆಗೆ ಕರೆತಂದ ಮೇಲೆ ಅವಳಿಗೆ ಕಾಕುವಿನ ಹಾಲಿನ ವಿಷಯವನ್ನೆಲ್ಲ ಹೇಳಿದೆ. ಅವ್ವ ಸೆರಗನ್ನು ಕಾಲಿನ ಮೇಲೆ ಎಳೆದುಕೊಂಡಳು.

“ಆಕಿಗಿ ಹೇಳಬ್ಯಾಡ. ನನ್ನ ಕಾಲ ಆಕಿ ಕೊರಳಿಗಿ ಕಟ್ಟಬ್ಯಾಡ.”

ಎಮ್ಮೆಗೆ ಮತ್ತೆ ಬಾವು ಬಂತು, ಕಾಕುವಿನ ತಂಬಿಗೆಯೂ ಬಂತು. ಹಾಲನ್ನು ಹಿತ್ತಲಿನ ಗುಂಡಿಗೆ ಸುರಿದೆ. ಖಾಲಿ ತಂಬಿಗೆ ಕೊಡಬಾರದೆಂದು ಅವ್ವ ಅದರಲ್ಲಿ ಬೆಲ್ಲದ ಹೆಂಟೆ ಹಾಕಿಸಿದಳು. ಕೊಡಲು ಬಾಗಿಲಿಗೆ ಬಂದರೆ ಕಾಕು ಇನ್ನೊಂದು ತಂಬಿಗೆ ಹಿಡಿದು ಎದುರು ಮನೆಗೆ ಹೊರಟಿದ್ದಳು. ಅಲ್ಲೊಬ್ಬ ಬಾಣಂತಿ ಇದ್ದಳು.

“ಕಾಕೂ, ನಿಂದರ್ರಿ,” ಅಂದೆ.

ಅವ್ವನ ಹೆಸರೆತ್ತದೆ, ಔಷಧಿಯ ಮಾತನ್ನಷ್ಟೇ ಹೇಳಿದೆ. ಕಾಕು ನನ್ನ ಮುಖ ನೋಡಲಿಲ್ಲ. ನನ್ನ ಹಿಂದೆ, ಒಳಗೆ ಗೋಡೆಗೊರಗಿ ಕೂತಿದ್ದ ಅವ್ವನ ಕಾಲನ್ನೇ ನೋಡುತ್ತ ನಿಂತಳು.