ಅಬು ಸತ್ತಾಮನ ಮನೆಯ ಕಾಫಿ

ತಫೀಲಾ ಕಡೆಯ ನಮ್ಮ ಬೆಟ್ಟದೂರಿನಲ್ಲಿ ಹೆಣ್ಣು ಕೇಳಲು ಹಿರಿಯರ ದಂಡು, ಅಂದರೆ ಜಾಹಾ, ಹೊರಟಿತೆಂದರೆ, ಅದರ ಮುಂದಾಳು ಎಣ್ಣೆಗಾಣದ ಅಬು ಸತ್ತಾಮನೇ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಗಂಡಿನ ಕಡೆಯ ಹಿರಿಯರೆಲ್ಲ ಅವನ ಹಿಂದೆ ಸಾಲಾಗಿ ನಡೆಯುತ್ತಿದ್ದರು. ಹೆಣ್ಣಿನ ಮನೆಯವರು ಅವನ ಮುಂದೆ ಕಾಫಿ ಇಡುತ್ತಿದ್ದರು, ಅವನು ಮುಟ್ಟುತ್ತಿರಲಿಲ್ಲ. ಬಂದ ಕೆಲಸ ಹೇಳಿ, ಆ ಕಡೆಯ ಹಿರಿಯ "ಕಾಫಿ ಕುಡೀರಿ, ಕೇಳಿದ್ದು ಕೊಟ್ಟಿದ್ದೀವಿ" ಅಂದಮೇಲೆಯೇ ಬಟ್ಟಲು ತುಟಿಗೇರುತ್ತಿತ್ತು. ಗಾಣದಲ್ಲಿ ಮೈಯೆಲ್ಲ ಜಿಡ್ಡು ಮಾಡಿಕೊಂಡಿರುತ್ತಿದ್ದ ಮನುಷ್ಯ ಅಂದು ಕಪ್ಪು ನಿಲುವಂಗಿ ಹೊದ್ದು, ಮೀಸೆ ತೀಡಿ ಹೊರಟರೆ ನೋಡಬೇಕಿತ್ತು. ಸ್ವಂತ ಮದುವೆಯಲ್ಲೂ ಇಷ್ಟು ಬೀಗಿರಲಿಲ್ಲ ಎಂದು ಹೆಂಡತಿ ಫಿದ್ದಾ ಚುಚ್ಚುತ್ತಿದ್ದಳು.

ಆಮೇಲೆ ಬಂದ ನೋಡಿ, ಮಾಜಿ ಮಂತ್ರಿ ನವ್ವಾಫ್ ಬೇ; 'ಬೇ' ಅಂದರೆ ನಮ್ಮ ಕಡೆ ಸಾಹೇಬ.

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ. ಮಂತ್ರಿಗಿರಿ ಹೋದಮೇಲೆ ಆತ ಊರಿನಲ್ಲಿ ಒಂದು ಧರ್ಮಸಂಸ್ಥೆ ತೆರೆದ. ಆಸ್ಪತ್ರೆ ಬಂತು, ಆಂಬುಲೆನ್ಸ್ ಬಂತು, ರಂಜಾನಿನಲ್ಲಿ ಮನೆಮನೆಗೆ ಅಕ್ಕಿಮೂಟೆ ಬಂತು. ಜಾಹಾಗೆ ಮುಂದಾಳು ಬೇಕೆಂದವರೆಲ್ಲ ಅವನ ಬಾಗಿಲಿಗೇ ಹೋಗತೊಡಗಿದರು. ಅಬು ಸತ್ತಾಮನಿಗೆ ಎರಡನೆಯ ಸಾಲು, ಆಮೇಲೆ ಮೂರನೆಯದು, ಕೊನೆಗೆ ಬಾಗಿಲ ಬಳಿ ಚಪ್ಪಲಿಗಳ ಪಕ್ಕ ಒಂದು ಕುರ್ಚಿ. ಅವನ ಹೊಟ್ಟೆ ಹೇಗೆ ಉರಿಯಿತೆಂದು ಹೇಳಬೇಕೆ? ಬೇ ಫೋಟೋ ಇದ್ದ ಕ್ಯಾಲೆಂಡರನ್ನು ಗಾಣದ ಗೋಡೆಯಿಂದ ಕಿತ್ತು ಅದರಲ್ಲೇ ಎಣ್ಣೆ ಒರೆಸಿದ. ಫಿದ್ದಾ ಆ ಆಸ್ಪತ್ರೆಯಿಂದ ಬಿ.ಪಿ. ಮಾತ್ರೆ ತಂದರೆ ಮೂರು ದಿನ ಮಾತು ಬಿಟ್ಟ.

"ಮಾತ್ರೆ ಮೇಲೇನು ನಿಮ್ಮ ಕೋಪ?" ಎಂದಳು ಅವಳು. "ಅವರಿಗೆ ಮೀಸೆ ಇಲ್ಲದಿದ್ರೂ ಮರ್ಯಾದೆ ಇದೆ ಅಂತ ತಾನೇ?"

"ಬಾಯಿ ಮುಚ್ಚೇ! ಆ ದುಡ್ಡು ಎಲ್ಲಿಂದ ಬಂತು ಅಂತ ಗೊತ್ತಾ ನಿನಗೆ?"

ಅದು ಅವನಿಗೂ ನೆಟ್ಟಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಹನಾದಿಗೆ. ಹನಾದಿ ಅವನ ತಮ್ಮನ ಮಗಳು, ಶಾಲೆಯಲ್ಲಿ ಟೀಚರು. ತಮ್ಮ ತೀರಿಕೊಂಡಮೇಲೆ ಅವಳನ್ನು ಸಾಕಿದವನು ಅಬು ಸತ್ತಾಮನೇ. ನವ್ವಾಫ್ ಬೇ ಮಂತ್ರಿಯಾಗಿದ್ದಾಗ ಊರಿನ ಚಿಲುಮೆಯನ್ನು ಬಾಟಲಿ ನೀರು ಮಾರುವ ಒಂದು ವಿದೇಶಿ ಕಂಪನಿಗೆ ಬರೆದುಕೊಟ್ಟಿದ್ದ. ಚಿಲುಮೆಯ ಕೆಳಗಿದ್ದ ಹನಾದಿಯ ಅಪ್ಪನ ದಾಳಿಂಬೆ ತೋಟ ಒಣಗಿದ್ದು ಆಗಲೇ. ಈಗ ಧರ್ಮಸಂಸ್ಥೆ ನಡೆಸುತ್ತಿರುವುದು ಅದೇ ಕಂಪನಿಯ ದುಡ್ಡು. ಸಂಸ್ಥೆಯ ಹೊಸ ಕಟ್ಟಡದ ಗೋಡೆಯಲ್ಲಿ ಕಂಪನಿಯ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿದ್ದಾರೆ. ಯಾರೂ ಮುಚ್ಚಿಟ್ಟಿಲ್ಲ, ಯಾರೂ ಕೇಳಿಯೂ ಇಲ್ಲ.

ಅಷ್ಟರಲ್ಲಿ ಹನಾದಿಗೇ ಸಂಬಂಧ ಕೂಡಿಬಂತು. ಹುಡುಗ ಉದಯ್, ಆ ಸಂಸ್ಥೆಯ ಆಂಬುಲೆನ್ಸ್ ಡ್ರೈವರ್, ಒಳ್ಳೆಯವನು. ಇಬ್ಬರಿಗೂ ಒಪ್ಪಿಗೆ ಇತ್ತು. ಅವನ ಕಡೆಯಿಂದ ಜಾಹಾ ತರುವವನು ನವ್ವಾಫ್ ಬೇ ಎಂದು ಗೊತ್ತಾದಾಗ ಅಬು ಸತ್ತಾಮನ ಕಣ್ಣು ಮಿನುಗಿತು. ಹೆಣ್ಣಿನ ಕಡೆಯ ಹಿರಿಯ ತಾನು. ಬೇ ಕೇಳಬೇಕು, ತಾನು ಕೊಡಬೇಕು. ತಾನು ಕುಡಿ ಎನ್ನುವವರೆಗೆ ಆ ಮಹಾಶಯ ಕಾಫಿ ಮುಟ್ಟುವಂತಿಲ್ಲ!

ಹಿಂದಿನ ದಿನ ಹನಾದಿ ಅವನ ಪಕ್ಕ ಬಂದು ಕುಳಿತಳು.

"ದೊಡ್ಡಪ್ಪಾ, ನಾಳೆ ಕಾಫಿಗೆ ಮುಂಚೆ ಅವರನ್ನ ಒಂದು ಮಾತು ಕೇಳ್ತೀಯಾ? ಚಿಲುಮೆ ಕೊಟ್ಟವರ ಕೈಗೆ ಚಿಲುಮೆ ತಗೊಂಡವರ ದುಡ್ಡು ಹೇಗೆ ಬಂತು ಅಂತ?"

"ಸಂಬಂಧ ಮುರಿದು ಬಿದ್ರೆ?"

"ಉದಯ್ ಹತ್ರ ಮಾತಾಡಿದೀನಿ. ಕೆಲಸ ಹೋದ್ರೂ ಹೋಗ್ಲಿ ಅಂದ. ಉತ್ತರ ಬರೋವರೆಗೂ ಬಿಡಬೇಡ, ಕಾಫಿ ತಣ್ಣಗಾದ್ರೂ ಸರಿ. ಅಪ್ಪ ಇದ್ದಿದ್ರೆ ಕೇಳ್ತಿದ್ದ."

"ಕೇಳ್ತೀನಿ ಮಗಳೇ. ನನ್ನ ಮೀಸೆ ಮೇಲಾಣೆ!" ಎಂದ ಅಬು ಸತ್ತಾಮ್. ಆ ರಾತ್ರಿ ಅವನಿಗೆ ನಿದ್ದೆ ಸುಳಿಯಲಿಲ್ಲ, ತಮ್ಮನ ತೋಟ ನೆನೆದಲ್ಲ, ಬೇ ಮುಖ ಬಾಡುವುದನ್ನು ನೆನೆದು.

ಮರುದಿನ ಜಾಹಾ ಬಂತು. ಅಂಗಳ ತುಂಬ ಕುರ್ಚಿ, ಕುರ್ಚಿ ತುಂಬ ಹಿರಿಯರು. ಹೆಂಗಸರು ಒಳಕೋಣೆಯ ಬಾಗಿಲಿಗೆ ಕಿವಿ ಕೊಟ್ಟರು. ನವ್ವಾಫ್ ಬೇ ಮುಂದೆ ಕಾಫಿ ಬಂತು. ಆತ ಬಟ್ಟಲನ್ನು ಪಕ್ಕಕ್ಕಿಟ್ಟು, ಎದ್ದು, ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಹೆಣ್ಣು ಕೇಳಿದ.

ಅಬು ಸತ್ತಾಮ್ ಗಂಟಲು ಸರಿಮಾಡಿಕೊಂಡ. "ಸಾಹೇಬ್ರೇ, ಹೆಣ್ಣು ಕೊಡೋಣ. ಅದಕ್ಕೆ ಮುಂಚೆ ಒಂದು ಮಾತು. ನಮ್ಮ ಚಿಲುಮೇನ ಆ ಹೊರಗಿನ ಕಂಪನಿಗೆ ಕೊಟ್ಟವರು ನೀವು. ಈಗ ನಿಮ್ಮ ಸಂಸ್ಥೆಗೆ ದುಡ್ಡು ಕೊಡೋರು ಅವರು. ಇದು ದಾನವೋ, ಋಣ ತೀರಿಸೋದೋ?"

ಯಾರದೋ ಜಪಮಣಿ ಎಣಿಸುತ್ತಿದ್ದ ಬೆರಳು ನಿಂತಿತು. ಮೂರನೆಯ ಸಾಲಿನಿಂದ ಒಬ್ಬ ಮುದುಕ, "ಕೇಳಿದ್ದು ಸರಿಯಾಗಿದೆ ಕಣಪ್ಪಾ" ಎಂದು ಗೊಣಗಿದ. ಬೇ ಹಣೆಯಲ್ಲಿ ಬೆವರು ಕಂಡಿತು, ದೇವರಾಣೆ, ಕಂಡಿತು! ಅಬು ಸತ್ತಾಮನ ಜೀವ ತಂಪಾಯಿತು.

ಬೇ ಕರವಸ್ತ್ರದಿಂದ ಹಣೆ ಒರೆಸಿಕೊಂಡು ನಕ್ಕ. "ಭೇಷ್ ಅಬು ಸತ್ತಾಮ್! ಇಂಥ ನೇರ ಮಾತಿನವರು ನಮ್ಮ ಸಂಸ್ಥೆಯೊಳಗೇ ಇರಬೇಕು. ಆಡಳಿತ ಮಂಡಳಿಯಲ್ಲಿ ನನ್ನ ಪಕ್ಕದ ಕುರ್ಚಿ ನಿಮ್ಮದು. ಇನ್ಮೇಲೆ ಈ ಸೀಮೆಯ ಯಾವ ಜಾಹಾ ಆದ್ರೂ ಮುಂದೆ ನೀವು, ನಾನು ನಿಮ್ಮ ಹಿಂದೆ. ಎಷ್ಟಾದ್ರೂ ಹಿರಿಯರು ನೀವು."

ನಾನು ನಿಮ್ಮ ಹಿಂದೆ. ಎಲ್ಲರ ಎದುರಿಗೆ ಅಂದದ್ದು! ಅಬು ಸತ್ತಾಮನ ಕೈ ತಾನಾಗಿ ಮೀಸೆಗೆ ಹೋಯಿತು. ಸುತ್ತ ನೋಡಿದ, ತನ್ನನ್ನು ಚಪ್ಪಲಿ ಪಕ್ಕ ಕೂರಿಸಿದವರ ಕಣ್ಣಲ್ಲಿ ಈಗ ಅವನಿಗೆ ಪರಿಚಯವಿದ್ದ ಅದೇ ಉರಿ ಇತ್ತು. ಎಷ್ಟು ಸಿಹಿಯಾಗಿತ್ತು ಅದು!

"ಕಾಫಿ ಕುಡೀರಿ ಸಾಹೇಬ್ರೇ," ಎಂದುಬಿಟ್ಟ. "ಕೇಳಿದ್ದು ಕೊಟ್ಟಿದ್ದೀವಿ."

ಬೇ ಕುಡಿದ. ಅವನ ಹಿಂದಿನವರೆಲ್ಲ ಕುಡಿದರು. ಒಳಗೆ ಹೆಂಗಸರು ಹರ್ಷದ ಉಲಿ ಹಾಕಿದರು. ಅವರಲ್ಲಿ ಹನಾದಿಯ ದನಿ ಇರಲಿಲ್ಲ.

ಎಲ್ಲರೂ ಹೋದಮೇಲೆ ಫಿದ್ದಾ ಕುರ್ಚಿ ಮಡಚುತ್ತ, "ಮೂಗಿಗೆ ತುಪ್ಪ ಸವರಿ ಹೋದ, ನೆಕ್ಕಿಕೊಳ್ಳಿ ಇನ್ನು," ಎಂದಳು.

"ಹೊಟ್ಟೆಕಿಚ್ಚು ನಿನಗೆ," ಎಂದ ಅಬು ಸತ್ತಾಮ್. ಅವನು ಇನ್ನೂ ನಿಲುವಂಗಿ ಕಳಚಿರಲಿಲ್ಲ.

ಆಗ ಹನಾದಿ ಹೊರಗೆ ಬಂದಳು. ಕೈಯಲ್ಲಿ ಒಂದೇ ಬಟ್ಟಲು ಕಾಫಿ. ನೆಟ್ಟಗೆ ಹೋಗಿ ಬೇ ಕೂತಿದ್ದ ಕುರ್ಚಿಯಲ್ಲಿ ಕೂತು, ಬಟ್ಟಲನ್ನು ತನ್ನ ಮುಂದಿಟ್ಟುಕೊಂಡಳು. ಕುಡಿಯಲಿಲ್ಲ.

"ಇದೇನೇ, ಹೆಣ್ಣುಮಗಳು ಜಾಹಾ ಕುರ್ಚಿಯಲ್ಲಿ?" ಅಬು ಸತ್ತಾಮ್ ನಗಲು ನೋಡಿದ.

"ಕೇಳೋಕೆ ಬಂದಿದೀನಿ ದೊಡ್ಡಪ್ಪಾ. ಅವರು ಏನು ಉತ್ತರ ಕೊಟ್ರು? ನಾನು ಒಳಗಿದ್ದೆ, ಕೇಳಿಸಲಿಲ್ಲ."

ಅವನು ಬಾಯಿ ತೆರೆದ. ನೆನಪಿಸಿಕೊಂಡ. ಕುರ್ಚಿ ನೆನಪಾಯಿತು, ಮಂಡಳಿ ನೆನಪಾಯಿತು, 'ನಾನು ನಿಮ್ಮ ಹಿಂದೆ' ನೆನಪಾಯಿತು. ಚಿಲುಮೆಯ ಬಗ್ಗೆ ಆತ ಒಂದಕ್ಷರವನ್ನೂ ಆಡಿರಲಿಲ್ಲ.

ಹನಾದಿ ಕಾದಳು. ಕುಡಿ ಮಗಳೇ ಎನ್ನಲು ಅವನಿಗೆ ಬಾಯಿ ಬರಲಿಲ್ಲ, ಕಾಫಿ ಅವಳ ಮುಂದೆಯೇ ತಣ್ಣಗಾಯಿತು.