ಪ, ದ ಆದಮೇಲೆ

ಆಂಧ್ರದ ಗಡಿಯ ರಾಂಪುರದಲ್ಲಿ ಸಂಗೀತ ಕಲಿಸುವ ಗಂಗಾಂಬಿಕಾ ಟೀಚರಿಗೆ ಮೂಗಿನ ತುದಿಯಲ್ಲೇ ಕೋಪ. ಮನೆಯಲ್ಲಿ ತೆಲುಗು ಮಾತಾಡುವ ಸೌಂದರ್ಯ ಮೊದಲ ದಿನವೇ, ಅವರು ‘ಪ, ದ’ ಎಂದು ಹಾಡಿದ ಕೂಡಲೇ ಚೀಲ ಎತ್ತಿಕೊಂಡು ಹೊರಟಳು. ತೆಲುಗಿನಲ್ಲಿ ‘ಪದ’ ಅಂದರೆ ‘ನಡಿ, ಹೋಗೋಣ’. ಮಕ್ಕಳೆಲ್ಲ ನಕ್ಕರು. ಮೊದಲೇ ಪುಕ್ಕಲು ಹುಡುಗಿ, ಬಾಯಿಗೆ ಬೀಗ ಬಿತ್ತು.

ಟೀಚರ್ ರೇಗಿದ್ದು ನಕ್ಕವರ ಮೇಲೆ. “ಇನ್ಮೇಲೆ ಸೌಂದರ್ಯ ‘ಪ, ದ’ ಹಾಡೋತನಕ ಯಾರೂ ಮನೆಗೆ ಹೋಗಂಗಿಲ್ಲ!”

ಮಕ್ಕಳು ದಿನಾ ಅವಳನ್ನು ಕಾಡಿ ಬೇಡಿ ಹಾಡಿಸಿದರು. ಅವಳ ದನಿ ಏರುತ್ತಾ ಹೋಯಿತು.

ವಾರ್ಷಿಕೋತ್ಸವದ ದಿನ ಅವಳು ಮೈಕಿನಲ್ಲಿ ‘ಪ, ದ’ ಅಂದದ್ದೇ ತಡ, ಭಾಷಣಗಳಿಂದ ಬೇಸತ್ತಿದ್ದ, ತೆಲುಗು ಬಲ್ಲ ಅರ್ಧ ಸಭೆ ಎದ್ದು ಚಪ್ಪಲಿ ಹುಡುಕತೊಡಗಿತು.

“ಕುಂತ್ಕಳ್ರಿ!” ಸೌಂದರ್ಯ ಥೇಟು ಟೀಚರ್ ಧಾಟಿಯಲ್ಲೇ ಗದರಿದಳು. “ನಂದಿನ್ನೂ ‘ನಿ, ಸ’ ಐತೆ!”